ಕಾಯಿಸಿ ಆರಿಸಿದರೆ ಸಾಕೇ?

ನೆರೆ ಇಳಿದ ಮೇಲೆ, ನೀರಿನ ಪೈಪು ಒಡೆದ ಮೇಲೆ, ಒಂದೇ ಬೀದಿಯ ಹತ್ತಾರು ಮಂದಿಗೆ ವಾಂತಿಭೇದಿ ಶುರುವಾದ ಮೇಲೆ ಮೊದಲು ಕೇಳಿಬರುವ ಮಾತು ಒಂದೇ: "ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ." ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ತೊಡಕು ಆಮೇಲಿನದು. ಕಾಯಿಸಿದ ನೀರೆಂದರೆ ಶುದ್ಧ ನೀರು ಎಂಬ ಲೆಕ್ಕ ತಲೆಯಲ್ಲಿ ಕೂತುಬಿಡುತ್ತದೆ. ನಿಜ ಏನೆಂದರೆ, ಕೆಲವು ಬಗೆಯ ಕೆಟ್ಟ ನೀರನ್ನು ಕಾಯಿಸಿದರೆ ಅದು ಇನ್ನಷ್ಟು ಕೆಡುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ, ನೀರು ಕೆಡುವುದು ಎಂದರೇನು ಎಂಬಲ್ಲಿಂದಲೇ ಶುರು ಮಾಡಬೇಕು.

## ತಿಳಿ ಬೇರೆ, ಸುರಕ್ಷಿತ ಬೇರೆ

ಮುಂದೆ ಎರಡು ಲೋಟ ಇವೆ ಎಂದುಕೊಳ್ಳಿ. ಒಂದರಲ್ಲಿ ಕೆಮ್ಮಣ್ಣು ಕದಡಿದ ನೀರು, ತಳವೇ ಕಾಣದು. ಇನ್ನೊಂದರಲ್ಲಿ ಕನ್ನಡಿಯಂಥ ತಿಳಿನೀರು. ಯಾರನ್ನು ಕೇಳಿದರೂ ಎರಡನೆಯದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಮೊದಲನೆಯದರಲ್ಲಿ ಬರೀ ಮಣ್ಣೇ ಇರಬಹುದು, ಎರಡನೆಯದರಲ್ಲಿ ಟೈಫಾಯಿಡ್ ರೋಗಾಣು ಇರಬಹುದು. ಒಂದು ಮಿಲಿಲೀಟರಿನಲ್ಲಿ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ಕರಗಿದ ಆರ್ಸೆನಿಕ್ ವಿಷಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

"ಶುದ್ಧ" ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಬೇರೇನೂ ಬೆರೆಯದ ಬರೀ ನೀರು ಪ್ರಕೃತಿಯಲ್ಲಿ ಎಲ್ಲೂ ಸಿಗುವುದಿಲ್ಲ. ಮಳೆಹನಿ ಬೀಳುವಾಗಲೇ ಗಾಳಿಯಲ್ಲಿರುವುದನ್ನು ಕರಗಿಸಿಕೊಳ್ಳುತ್ತದೆ, ನೆಲಕ್ಕಿಳಿದ ಮೇಲೆ ಕಲ್ಲಿನ ಲವಣಗಳನ್ನು ಸೇರಿಸಿಕೊಳ್ಳುತ್ತದೆ. ಅದರಿಂದ ತೊಂದರೆಯೇನಿಲ್ಲ, ನೀರಿಗೆ ರುಚಿ ಬರುವುದೇ ಆ ಲವಣಗಳಿಂದ. ಹಾಗಾಗಿ ಕೇಳಬೇಕಾದ ಪ್ರಶ್ನೆ ನೀರು ಶುದ್ಧವೇ ಎಂದಲ್ಲ, ಸುರಕ್ಷಿತವೇ ಎಂದು. ಅಂದರೆ ದಿನವೂ, ಬದುಕಿಡೀ ಕುಡಿದರೂ ಹಾನಿಯಾಗದಂಥ ನೀರೇ ಎಂದು.

ಕೆಡುಕು ಎರಡು ಕಡೆಯಿಂದ ಬರುತ್ತದೆ. ಒಂದು ಜೀವ ಇರುವುದು: ಬ್ಯಾಕ್ಟೀರಿಯಾ, ವೈರಸ್, ಅಮೀಬಾದಂಥ ಏಕಕೋಶ ಜೀವಿಗಳು. ಇನ್ನೊಂದು ಜೀವ ಇಲ್ಲದ್ದು: ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್, ಸೀಸ, ಕೀಟನಾಶಕ, ಕಾರ್ಖಾನೆಯ ತ್ಯಾಜ್ಯ. ಮೊದಲನೆಯದು ಗಂಟೆಗಳಲ್ಲಿ, ದಿನಗಳಲ್ಲಿ ಕಾಯಿಲೆ ತರುತ್ತದೆ. ಎರಡನೆಯದು ಹೆಚ್ಚಿನ ಸಲ ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಸೇರಿಕೊಳ್ಳುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ್ದು ಇಷ್ಟೇ ಎಂದರೂ ತಪ್ಪಿಲ್ಲ.

## ರುಚಿಯಾದ ನೀರು ಕೊಂದ ಕಥೆ

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಕಾಲರಾ ಎದ್ದಿತು. ಕೊಳೆತ ಗಾಳಿಯಿಂದ ರೋಗ ಬರುತ್ತದೆ ಎಂದು ಆಗಿನ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಅನುಮಾನ. ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರೆ, ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತಲೇ ಗುಂಪುಗೂಡಿದ್ದವು.

ಆದರೆ ಸಾಕ್ಷಿ ಬಲವಾದದ್ದು ಲೆಕ್ಕಕ್ಕೆ ಹೊಂದದವರಿಂದ. ಪಂಪಿನ ಹತ್ತಿರದಲ್ಲೇ ಇದ್ದ, ಬಡವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಆಶ್ರಯಮನೆಯಲ್ಲಿ 535 ಮಂದಿಯಿದ್ದರೂ ಸತ್ತವರು 5 ಮಾತ್ರ. ಅಲ್ಲಿ ಅವರದೇ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕೆಯ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರೇ ಸಿಗುತ್ತಿತ್ತು. ಇನ್ನೊಂದು ತುದಿಯಲ್ಲಿ, ಮೈಲಿಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿ, ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡಳು. ಆ ಕಡೆ ಬೇರೆ ಯಾರಿಗೂ ರೋಗವಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಆಕೆ ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದವಳು, ಆ ಪಂಪಿನ ನೀರಿನ ರುಚಿ ಇಷ್ಟವೆಂದು ದಿನವೂ ಗಾಡಿಯಲ್ಲಿ ಒಂದು ದೊಡ್ಡ ಬಾಟಲಿ ತುಂಬಿಸಿ ತರಿಸಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿ ಹಾಕಿದರು. ಅಷ್ಟರಲ್ಲಿ ಜನ ಊರು ಬಿಟ್ಟು, ರೋಗ ತಾನಾಗಿಯೇ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಸ್ವತಃ ಒಪ್ಪಿದ್ದರು. ಒಟ್ಟು ಸತ್ತವರು ಆರುನೂರಕ್ಕೂ ಹೆಚ್ಚು. ಆಮೇಲೆ ಅಗೆದು ನೋಡಿದಾಗ ಬಾವಿಯ ಪಕ್ಕದಲ್ಲೇ, ಮೂರಡಿಯೂ ದೂರವಿಲ್ಲದ ಕಡೆ, ಇಟ್ಟಿಗೆ ಸಡಿಲಗೊಂಡ ಮಲದ ಗುಂಡಿ ಸಿಕ್ಕಿತು. ಕಾಯಿಲೆ ಬಿದ್ದ ಒಂದು ಹಸುಗೂಸಿನ ಬಟ್ಟೆ ತೊಳೆದ ನೀರು ಆ ಗುಂಡಿ ಸೇರಿತ್ತು. ಆ ವಿಧವೆ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದ ರುಚಿಯಾದ ನೀರು ಇದೇ.

## ಮಲದಿಂದ ಬಾಯಿಗೆ

ಹೇಳಲು ಮುಜುಗರವಾದರೂ ಸತ್ಯ ಇದು: ಕಾಲರಾ, ಟೈಫಾಯಿಡ್, ಆಮಶಂಕೆ, ಒಂದು ಬಗೆಯ ಕಾಮಾಲೆ, ಹೀಗೆ ನೀರಿನಿಂದ ಬರುವ ಸೋಂಕುಗಳಲ್ಲಿ ಹೆಚ್ಚಿನವು ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಸೇರುವುದರಿಂದಲೇ ಬರುತ್ತವೆ. ಶೌಚಾಲಯದ ಗುಂಡಿ, ಒಡೆದ ಒಳಚರಂಡಿ, ಬಯಲು, ಕೊಟ್ಟಿಗೆ, ಇವುಗಳಿಂದ ಮಳೆನೀರಿನ ಜತೆ ಬಾವಿಗೋ ಹೊಳೆಗೋ ಪೈಪಿಗೋ ರೋಗಾಣು ಇಳಿಯುತ್ತದೆ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ ಜೋರು ಮಳೆಗೆ ಸಗಣಿಯ ಅಂಶ ಕಡಿಮೆ ಆಳದ ಬಾವಿಗೆ ಇಳಿಯಿತು. ಕ್ಲೋರಿನ್ ಹಾಕುವುದರಲ್ಲೂ ಅಲಕ್ಷ್ಯವಾಗಿತ್ತು. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ನೀರಿನಲ್ಲಿ ನೂರಾರು ಬಗೆಯ ರೋಗಾಣು ಇರಬಹುದು. ಒಂದೊಂದನ್ನೂ ಹುಡುಕುತ್ತ ಕೂರಲಾದೀತೇ? ಅದಕ್ಕೆ ಪ್ರಯೋಗಾಲಯಗಳು ಒಂದು ಒಳದಾರಿ ಕಂಡುಕೊಂಡಿವೆ. ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿ ಕೋಟಿಗಟ್ಟಲೆ ಇರುತ್ತದೆ. ಅದರಲ್ಲಿ ಹೆಚ್ಚಿನ ತಳಿಗಳು ನಿರುಪದ್ರವಿ. ಆದರೆ ನೀರಿನಲ್ಲಿ ಅದು ಕಂಡಿತೆಂದರೆ ಮಲ ಬೆರೆತಿದೆ ಎಂದೇ ಅರ್ಥ. ಹೊಗೆ ಕಂಡರೆ ಬೆಂಕಿ ಇದೆ ಎನ್ನುವ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು ನೇರವಾಗಿದೆ: 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೊಲೈ ಕೂಡ ಸಿಗಬಾರದು.

ಪ್ರಯೋಗಾಲಯ ಇಲ್ಲದ ಕಡೆ ಒಂದು ಸಣ್ಣ ಬಾಟಲಿಯ ಪರೀಕ್ಷೆ ಇದೆ. ಭಾರತದ ವಿಜ್ಞಾನಿಗಳು ರೂಪಿಸಿ 1982ರಲ್ಲಿ ಪ್ರಕಟಿಸಿದ್ದು. ಬಾಟಲಿಯೊಳಗೆ ರಾಸಾಯನಿಕ ಹೀರಿದ ಕಾಗದದ ತುಂಡು ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿರುವ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಮಲದ ಬ್ಯಾಕ್ಟೀರಿಯಾ ಇದ್ದರೆ ಅವು ಬೆಳೆಯುತ್ತ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ, ಅದು ಕಾಗದದಲ್ಲಿನ ಕಬ್ಬಿಣದ ಜತೆ ಸೇರಿ ನೀರು ಮಸಿಯಂತೆ ಕಪ್ಪಾಗುತ್ತದೆ. ನಿನ್ನೆ ತಿಳಿಯಾಗಿದ್ದ ಬಾಟಲಿ ಬೆಳಗ್ಗೆ ಕಪ್ಪಾಗಿ ನಿಂತಿರುವುದನ್ನು ನೋಡಿದವರಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

## ಪೈಪಿನೊಳಗೆ ಚರಂಡಿ ನೀರು ನುಗ್ಗುವುದು ಹೇಗೆ?

ಶುದ್ಧೀಕರಣ ಘಟಕದಿಂದ ಸರಿಯಾಗಿಯೇ ಹೊರಟ ನೀರು ನಲ್ಲಿಯಲ್ಲಿ ಕೆಟ್ಟು ಬರುವುದುಂಟು. ನೀರು ಒತ್ತಡದಲ್ಲಿ ಹರಿಯುತ್ತಿರುವಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ಪೋಲು ಹೌದು, ಅಪಾಯವಲ್ಲ. ಸರಬರಾಜು ನಿಲ್ಲಿಸಿದಾಗ ಒತ್ತಡ ಬೀಳುತ್ತದೆ. ಪೈಪು ಬರಿದಾಗುತ್ತ ತಾನೇ ಹೀರತೊಡಗುತ್ತದೆ, ಬಾಯಲ್ಲಿಟ್ಟ ಸ್ಟ್ರಾ ಹಾಗೆ. ಅದೇ ಬಿರುಕಿನ ಸುತ್ತ ಚರಂಡಿ ನೀರು ನಿಂತಿದ್ದರೆ ಅದು ಒಳಗೆ ಬರುತ್ತದೆ. ಮನೆಗಳವರು ಪೈಪಿಗೆ ನೇರವಾಗಿ ಮೋಟಾರು ಹಚ್ಚಿ ಎಳೆದರಂತೂ ಹೀರುವ ಬಲ ಇನ್ನಷ್ಟು.

ಹೊತ್ತು ನೋಡಿ ನೀರು ಬಿಡುವ ಕಡೆಗಳಲ್ಲಿ ಮೊದಲ ಕೆಲವು ನಿಮಿಷದ ನೀರು ಬಗ್ಗಡವಾಗಿ, ವಾಸನೆ ಹೊಡೆಯುತ್ತ ಬರುವುದಕ್ಕೆ ಇದೂ ಒಂದು ಕಾರಣ. ಅದನ್ನು ನೆಲ ತೊಳೆಯಲೋ ಗಿಡಕ್ಕೋ ಬಳಸಿ, ಆಮೇಲಿನದನ್ನು ಕುಡಿಯಲು ಹಿಡಿಯುವುದು ಲೇಸು. 24 ಗಂಟೆಯೂ ನೀರು ಬಿಡುವುದು ಬರೀ ಅನುಕೂಲದ ಮಾತಲ್ಲ, ಆರೋಗ್ಯದ ಮಾತು ಎಂದು ಎಂಜಿನಿಯರುಗಳು ಹೇಳುವುದೂ ಇದಕ್ಕೇ. ತುಂಬಿದ ಪೈಪು ಕೊಳಕನ್ನು ಹೊರಗೇ ತಡೆಯುತ್ತದೆ.

## ರೋಗಾಣು ತಪ್ಪಿಸಲು ಹೋಗಿ ವಿಷ ಸಿಕ್ಕಿದ್ದು

ಬಾಂಗ್ಲಾದೇಶದಲ್ಲಿ ಕೆರೆ, ಹೊಳೆಗಳ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. 1970ರ ದಶಕದಿಂದ ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಕೊರೆದರು. ನೆಲದಡಿಯ ನೀರು ಮಣ್ಣಿನಲ್ಲಿ ಸೋಸಿ ಬರುವುದರಿಂದ ರೋಗಾಣು ಕಡಿಮೆ ಎಂಬ ಎಣಿಕೆ ಸರಿಯಾಗಿಯೇ ಇತ್ತು. ಯಾರೂ ಪರೀಕ್ಷಿಸದೆ ಬಿಟ್ಟದ್ದು ಆರ್ಸೆನಿಕ್. ಹಿಮಾಲಯದಿಂದ ನದಿಗಳು ಹೊತ್ತು ತಂದ ಕೆಸರಿನಲ್ಲೇ ಅದು ಇತ್ತು, ಅಲ್ಲಿಂದ ಅಂತರ್ಜಲಕ್ಕೆ ಕರಗಿ ಇಳಿದಿತ್ತು. 1993ರಲ್ಲಿ ಅದು ಪತ್ತೆಯಾಗುವಷ್ಟರಲ್ಲಿ ಕೋಟಿಗಟ್ಟಲೆ ಜನ ವರ್ಷಗಳಿಂದ ಅದನ್ನೇ ಕುಡಿದಿದ್ದರು. ಚರ್ಮದ ಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಂಟು, ಮುಂದೆ ಕ್ಯಾನ್ಸರ್. ಆಮೇಲೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಣ್ಣ ಬಳಿದರು: ಕೆಂಪೆಂದರೆ ಕುಡಿಯಬಾರದು, ಹಸಿರೆಂದರೆ ಕುಡಿಯಬಹುದು. ಕೆಂಪು ಬಾವಿಯಿಂದ ಕೂಗಳತೆಯಲ್ಲೇ ಹಸಿರು ಬಾವಿ ಇದ್ದದ್ದುಂಟು. ನೆಲದಡಿಯ ಪದರಗಳು ಅಷ್ಟು ಬೇಗ ಬದಲಾಗುತ್ತವೆ.

ಮಾಲಿನ್ಯ ಎಂದರೆ ಮನುಷ್ಯರೇ ಮಾಡಿದ್ದು ಎಂದು ನಾವು ಎಣಿಸುತ್ತೇವೆ. ಇಲ್ಲಿ ಮಾಡಿದ್ದು ಕಲ್ಲು, ಕೆಸರು. ಫ್ಲೋರೈಡ್ ಕಥೆಯೂ ಹಾಗೆಯೇ. ಗ್ರಾನೈಟ್‌ನಂಥ ಕಲ್ಲಿನ ಒಡನಾಟದಲ್ಲಿ ನೀರು ಬಹುಕಾಲ ಇದ್ದಷ್ಟೂ ಅದು ಹೆಚ್ಚು ಕರಗುತ್ತದೆ. ತುಸು ಇದ್ದರೆ ಹಲ್ಲಿಗೆ ಒಳ್ಳೆಯದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಅದಕ್ಕಿಂತ ಬಹಳ ಹೆಚ್ಚಾದರೆ ವರ್ಷಗಳು ಕಳೆದಂತೆ ಮೂಳೆ, ಕೀಲು ಬಿಗಿಯುತ್ತವೆ.

ನೈಟ್ರೇಟ್ ಮಾತ್ರ ಹೆಚ್ಚಾಗಿ ನಮ್ಮದೇ ಕೊಡುಗೆ. ಹೊಲಕ್ಕೆ ಸುರಿದ ಗೊಬ್ಬರದಿಂದ, ಮಲದ ಗುಂಡಿಯಿಂದ ಇಂಗಿ ಬರುತ್ತದೆ. ದೊಡ್ಡವರಿಗೆ ಅಷ್ಟಾಗಿ ತಟ್ಟದಿದ್ದರೂ, ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ, ಮೈ ನೀಲಿಗಟ್ಟುತ್ತದೆ. ಸೀಸ ಬರುವುದು ಬಹುತೇಕ ಹಳೆಯ ಪೈಪುಗಳಿಂದ. 2014ರಲ್ಲಿ ಅಮೆರಿಕದ ಫ್ಲಿಂಟ್ ನಗರ ತನ್ನ ನೀರಿನ ಮೂಲವನ್ನು ಬದಲಿಸಿತು. ಹೊಸ ನೀರಿಗೆ ಲೋಹವನ್ನು ಕೊರೆಯುವ ಗುಣ ಹೆಚ್ಚು, ಅದನ್ನು ತಡೆಯುವ ರಾಸಾಯನಿಕ ಹಾಕಲಿಲ್ಲ. ಪೈಪುಗಳ ಒಳಗಿನ ರಕ್ಷಣೆಯ ಪದರ ಕಳಚಿ ಸೀಸ ನೀರಿಗಿಳಿಯಿತು.

ಇವುಗಳ ಅಳತೆ ಎಷ್ಟು ಸೂಕ್ಷ್ಮ ನೋಡಿ. ಆರ್ಸೆನಿಕ್ಕಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಲಕ್ಷ ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಒಟ್ಟು ಒಂದು ಗ್ರಾಂ ಇದ್ದರೆ ಅದೇ ಗಡಿ.

## ಹೊಳೆ ಉಸಿರುಗಟ್ಟುವುದು

ಹರಿಯುವ ನೀರಿಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯಿದೆ ಎಂಬ ಮಾತು ಸುಳ್ಳಲ್ಲ, ಅದಕ್ಕೊಂದು ಮಿತಿಯಿದೆ ಅಷ್ಟೆ. ಹೊಳೆಗೆ ಬಿದ್ದ ಕೊಳಕನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಬೆಚ್ಚಗಿನ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದೇ ಸುಮಾರು 8 ಮಿಲಿಗ್ರಾಂ ಆಮ್ಲಜನಕ. ಮನೆಗಳಿಂದ ಬರುವ ಒಂದು ಲೀಟರ್ ಕಚ್ಚಾ ಚರಂಡಿ ನೀರನ್ನು ಕರಗಿಸಲು 200ರಿಂದ 300 ಮಿಲಿಗ್ರಾಂ ಬೇಕು. ಅಂದರೆ ಒಂದು ಕೊಡ ಚರಂಡಿ ನೀರು ಸುಮಾರು 30 ಕೊಡ ಹೊಳೆನೀರಿನ ಉಸಿರನ್ನು ಕುಡಿದುಬಿಡುತ್ತದೆ. ಗಾಳಿಯಿಂದ ಹೊಸ ಆಮ್ಲಜನಕ ಸೇರುವ ವೇಗಕ್ಕಿಂತ ಖರ್ಚು ಹೆಚ್ಚಾದಾಗ ಮೀನು ತೇಲುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಪತ್ರಿಕೆಗಳಲ್ಲಿ ಕಾಣುವ ಬಿಒಡಿ ಎಂಬ ಮೂರಕ್ಷರದ ಅರ್ಥ ಇದೇ: ಕೊಳಕಿಗೆ ಬೇಕಾದ ಆಮ್ಲಜನಕದ ಲೆಕ್ಕ.

ಪಾದರಸದಂಥ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನುಗಳ ಮೈ ಸೇರಿ, ಅಲ್ಲಿಂದ ಮನುಷ್ಯರ ನರಮಂಡಲಕ್ಕೆ ಬಂತು. ಆ ಕಾಯಿಲೆ ದಾಖಲಾದದ್ದು 1956ರಲ್ಲಿ.

## ಯಾವ ಕೆಡುಕಿಗೆ ಯಾವ ಮದ್ದು

ಈಗ ಕಾಯಿಸುವ ಮಾತಿಗೆ ಬರೋಣ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ರೋಗ ತರುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾ ಎಲ್ಲವೂ ಸಾಯುತ್ತವೆ. ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗಗಳಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಹತ್ತು, ಇಪ್ಪತ್ತು ನಿಮಿಷ ಕುದಿಸುವುದು ಉರುವಲಿನ ದಂಡ.

ಆದರೆ ಫ್ಲೋರೈಡ್ ಕುದಿಯುವುದೂ ಇಲ್ಲ, ಸಾಯುವುದೂ ಇಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಎರಡು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಒಂದೂವರೆ ಲೀಟರಿಗೆ ಇಳಿಸಿದಿರಿ ಎನ್ನಿ. ಹೋದದ್ದು ಬರೀ ನೀರು. 4 ಮಿಲಿಗ್ರಾಂ ಫ್ಲೋರೈಡ್ ಹಾಗೇ ಪಾತ್ರೆಯಲ್ಲಿದೆ. ಈಗ ಲೀಟರಿಗೆ ಎರಡೂ ಮುಕ್ಕಾಲು ಮಿಲಿಗ್ರಾಂ ಹತ್ತಿರ. ಸಮುದ್ರದ ನೀರು ಬತ್ತಿದಾಗ ಉಪ್ಪು ಉಳಿಯುವ ಹಾಗೆ. ನೈಟ್ರೇಟ್, ಆರ್ಸೆನಿಕ್, ಸೀಸಕ್ಕೂ ಇದೇ ಲೆಕ್ಕ. ನೈಟ್ರೇಟ್ ಹೆಚ್ಚಿರುವ ನೀರನ್ನು ಕೂಸಿಗೆಂದು ಮತ್ತೆ ಮತ್ತೆ ಕುದಿಸುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ.

ಕ್ಲೋರಿನ್ ಕೂಡ ರೋಗಾಣುವಿಗಷ್ಟೇ ಮದ್ದು. ಹಾಕಿದ ಮೇಲೆ ಅರ್ಧ ಗಂಟೆ ಬಿಡಬೇಕು. ನೀರು ಬಗ್ಗಡವಾಗಿದ್ದರೆ ಮಣ್ಣಿನ ಕಣಗಳ ಹಿಂದೆ ರೋಗಾಣು ಅಡಗುತ್ತವೆ, ಕ್ಲೋರಿನ್ನೂ ಕೊಳಕಿಗೇ ಖರ್ಚಾಗುತ್ತದೆ. ಘಟಕಗಳಲ್ಲಿ ಮೊದಲು ಪಟಿಕ ಹಾಕಿ ಮಣ್ಣನ್ನು ಗಂಟುಕಟ್ಟಿಸಿ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕಡೆಗೆ ಕ್ಲೋರಿನ್ ಹಾಕುವುದು ಅದಕ್ಕೇ. ನಲ್ಲಿಯಲ್ಲಿ ತುಸು ಕ್ಲೋರಿನ್ ವಾಸನೆ ಬಂದರೆ ಮೂಗು ಮುರಿಯಬೇಡಿ. ದಾರಿಯಲ್ಲಿ ಸೇರುವ ರೋಗಾಣುವನ್ನು ಕೊಲ್ಲಲು ಬೇಕೆಂದೇ ಉಳಿಸಿದ ಪಾಲು ಅದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ನಲ್ಲಿಯ ತನಕ ಉಳಿದಿರಬೇಕು. ಆದರೂ ಕ್ಲೋರಿನ್ನಿಗೆ ಬಗ್ಗದ ಜೀವಿಗಳಿವೆ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸುಮಾರು ನಾಲ್ಕು ಲಕ್ಷ ಜನರನ್ನು ಮಲಗಿಸಿದ ಕ್ರಿಪ್ಟೋಸ್ಪೊರಿಡಿಯಂ ಅಂಥದ್ದು. ಕುದಿಸಿದರೆ ಅದು ಒಂದೇ ಏಟಿಗೆ ಸಾಯುತ್ತದೆ.

ಅತಿನೇರಳೆ ದೀಪದ ಯಂತ್ರಗಳೂ ರೋಗಾಣುವಿಗೇ, ಅದೂ ನೀರು ತಿಳಿಯಾಗಿದ್ದರೆ. ಇದ್ದಿಲಿನ ಫಿಲ್ಟರ್ ವಾಸನೆ, ಕ್ಲೋರಿನ್, ಕೆಲವು ಕೀಟನಾಶಕಗಳನ್ನು ಹಿಡಿಯುತ್ತದೆ, ಫ್ಲೋರೈಡನ್ನು ಹಿಡಿಯುವುದಿಲ್ಲ. ಫ್ಲೋರೈಡಿಗೆ ಅಲ್ಯೂಮಿನಾ ಹರಳಿನ ಫಿಲ್ಟರ್ ಇದೆ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಇದೆ. ಆರ್‌ಒ ಯಂತ್ರದ ಪೊರೆ ಕರಗಿದ ಲವಣ, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಎಲ್ಲವನ್ನೂ ಬಹುಪಾಲು ತಡೆಯುತ್ತದೆ. ಅದಕ್ಕೆ ತೆರುವ ಬೆಲೆ ಪೋಲಾಗುವ ನೀರು; ಮನೆಯ ಯಂತ್ರಗಳು ಸಾಮಾನ್ಯವಾಗಿ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚನ್ನು ಹೊರಗೆ ಬಿಡುತ್ತವೆ. ಬರೀ ರೋಗಾಣುವಿನ ತೊಂದರೆಯಿರುವ ನೀರಿಗೆ ಆರ್‌ಒ ಹಾಕುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಟಿಡಿಎಸ್ ಮೀಟರಿನ ಬಗ್ಗೆ ಒಂದು ಮಾತು. ಆ ಪೆನ್ನಿನಂಥ ಉಪಕರಣ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಆರ್ಸೆನಿಕ್ ಮಿತಿಯ ಹತ್ತು ಪಟ್ಟಿದ್ದರೂ ಲೀಟರಿಗೆ 0.1 ಮಿಲಿಗ್ರಾಂ, ಮೀಟರಿನಲ್ಲಿ ಒಂದಂಕಿಯೂ ಅಲುಗದು. ರೋಗಾಣು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂಕಿ ಕಡಿಮೆ ಬಂತೆಂದು ನೀರು ಸುರಕ್ಷಿತ ಎನ್ನುವುದು, ತೂಕ ನೋಡಿ ಜ್ವರ ಇಲ್ಲ ಎಂದಂತೆ.

## ಸುರಕ್ಷಿತ ನೀರು ಎಷ್ಟು ದೂರ?

ಜಗತ್ತಿನಲ್ಲಿ ಎಷ್ಟು ಜನರಿಗೆ ಒಳ್ಳೆಯ ನೀರಿದೆ ಎಂದು ಎಣಿಸುವಾಗ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೂರು ಪ್ರಶ್ನೆ ಕೇಳುತ್ತವೆ. ನೀರು ಮನೆಯ ಆವರಣದಲ್ಲೇ ಇದೆಯೇ? ಬೇಕಾದಾಗ ಸಿಗುತ್ತದೆಯೇ? ಮಲ ಮತ್ತು ಮುಖ್ಯ ವಿಷಗಳಿಂದ ಮುಕ್ತವಾಗಿದೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ಪೂರ್ತಿ ಸುರಕ್ಷಿತ. 2022ರ ಲೆಕ್ಕದಲ್ಲಿ 220 ಕೋಟಿ ಜನರಿಗೆ ಹಾಗೆನ್ನಲಾಗಲಿಲ್ಲ. ಅವರಲ್ಲಿ ಸುಮಾರು 11.5 ಕೋಟಿ ಮಂದಿ ಹೊಳೆ, ಕೆರೆ, ಕಾಲುವೆಯ ನೀರನ್ನೇ ನೇರವಾಗಿ ಕುಡಿಯುತ್ತಿದ್ದರು. ಕುಡಿಯುವ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದೇ ಒಪ್ಪಿತ್ತು.

ಮೂರು ಪ್ರಶ್ನೆಗಳಲ್ಲಿ ಮೊದಲ ಎರಡು ಅನುಕೂಲದ ಮಾತಿನಂತೆ ಕಾಣುತ್ತವೆ, ಆದರೆ ಮೂರನೆಯದನ್ನು ಕೆಡಿಸುವುದೂ ಅವೇ. ದೂರದಿಂದ ಹೊತ್ತು ತಂದ ನೀರನ್ನು, ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು ತುಂಬಿಡಲೇಬೇಕು. ತುಂಬಿಟ್ಟ ನೀರಿಗೆ ಕೈ ಅದ್ದಲೇಬೇಕು. ಬಾವಿಯ ಹತ್ತಿರ ಪರೀಕ್ಷೆಯಲ್ಲಿ ಗೆದ್ದ ನೀರು ಮನೆಯ ಪಾತ್ರೆಯಲ್ಲಿ ಸೋಲುವುದು ಹೀಗೆ. ಅಗಲ ಬಾಯಿಯ ಪಾತ್ರೆಗೆ ಲೋಟ ಮುಳುಗಿಸುವಾಗ ಬೆರಳೂ ಮುಳುಗುತ್ತದೆ. ಬಾಯಿ ಕಿರಿದಾದ, ಮುಚ್ಚಳವಿರುವ, ಕೆಳಗೆ ನಲ್ಲಿಯಿರುವ ಪಾತ್ರೆ ಇದನ್ನು ತಪ್ಪಿಸುತ್ತದೆ. ಅದಿಲ್ಲದಿದ್ದರೆ ಉದ್ದ ಹಿಡಿಯ ಸೌಟು.

"ಕಾಯಿಸಿ ಆರಿಸಿ" ಎಂಬ ಸಲಹೆಯಲ್ಲಿ ಎರಡು ಕೆಲಸಗಳಿವೆ, ನಮ್ಮ ಗಮನವೆಲ್ಲ ಮೊದಲನೆಯದರ ಮೇಲೆ. ಕಾಯಿಸಿದ ನೀರಿನಲ್ಲಿ ಕ್ಲೋರಿನ್ನಿನ ಕಾವಲೂ ಹಾರಿಹೋಗಿರುತ್ತದೆ. ಆಮೇಲೆ ಒಂದು ರೋಗಾಣು ಬಿದ್ದರೂ ತಡೆಯುವವರಿಲ್ಲ. ಬೇಗ ಆರಲೆಂದು ಮುಚ್ಚಳ ತೆಗೆದಿಡುವುದು, ಆ ಪಾತ್ರೆಯಿಂದ ಈ ಪಾತ್ರೆಗೆ ಸುರಿಯುವುದು, ಕಾಯಿಸದ ತಣ್ಣೀರು ಬೆರೆಸುವುದು, ಎಲ್ಲ ಕೆಡುವುದು ಈ ಹೊತ್ತಿನಲ್ಲೇ. ಕಾಯಿಸಿದ ಪಾತ್ರೆಯಲ್ಲೇ, ಮುಚ್ಚಳ ಹಾಕಿಯೇ ಆರಲು ಬಿಡಿ, ಒಂದು ದಿನದೊಳಗೆ ಕುಡಿದು ಮುಗಿಸಿ.